ಅಕ್ಕಿ ಡ್ರಮ್ಮಿನಲ್ಲಿ ಗೇಮ್ ಕ್ಯಾಸೆಟ್

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ. ನಾನು ಒಂದು ಸುಳ್ಳೂ ಹೇಳಲಿಲ್ಲ. ಗೋಡೆಯ ಮೇಲಿದ್ದದ್ದನ್ನು ಇಳಿಸಿ ಒಳಗಿಟ್ಟೆ, ಅಷ್ಟೇ. ಅಷ್ಟಕ್ಕೇ ನನ್ನ ತಮ್ಮ, ನಮ್ಮವ್ವ, ಕಡೆಗೆ ಕಟ್ಟಿಕೊಂಡ ಗಂಡ ಕೂಡ ಇವತ್ತಿಗೂ ನನ್ನ ಮುಖ ನೋಡಿ ನಗುತ್ತಾರೆ. ನಗಲಿ ಬಿಡಿ. ನಡೆದದ್ದು ಏನು ಅಂತ ನನ್ನ ಬಾಯಿಂದಲೇ ಒಮ್ಮೆ ಕೇಳಿ, ಆಮೇಲೆ ತಪ್ಪು ಯಾರದು ಅಂತ ನೀವೇ ಹೇಳಿ.

ನಾನು ಗಂಗಾಂಬಿಕಾ. ಕೊಟ್ಟ ಮನೆ ಕಂಪ್ಲಿ. ಅಲ್ಲಿ ನಮ್ಮವರದು ರೈಸ್‌ಮಿಲ್ ಇದೆ. ತವರು ಹೊಸಪೇಟೆ. ತಮ್ಮ ಮುರುಗೇಶ ನನಗಿಂತ ಬಹಳ ಚಿಕ್ಕವನು, ಅವನನ್ನು ಕಂಕುಳಲ್ಲಿ ಹೊತ್ತು ತಿರುಗಿದವಳು ನಾನು. ಮೂವತ್ತಾರು ತುಂಬಿದರೂ ಅವನಿಗೆ ಮದುವೆಯಾಗಿರಲಿಲ್ಲ. ಹುಡುಗನಲ್ಲಿ ಏನೂ ದೋಷವಿಲ್ಲ. ಬಸ್ ಸ್ಟ್ಯಾಂಡ್ ಹತ್ತಿರ ಮೊಬೈಲು, ಟಿವಿ ರಿಪೇರಿ ಅಂಗಡಿ ಇದೆ, ಸ್ವಂತ ಮನೆಯಿದೆ, ಗುಟ್ಕಾ ಹಾಕುವುದಿಲ್ಲ, ಜೋರಾಗಿ ಮಾತಾಡುವುದಿಲ್ಲ. ನಮ್ಮ ಮನೆಯ ಜೋರು ಮಾತೆಲ್ಲ ನನ್ನ ಪಾಲಿಗೇ ಬಂದಿದೆ. ದೋಷ ಇದ್ದದ್ದು ಗೋಡೆಯಲ್ಲಿ.

ಆ ಗೋಡೆಯ ಕತೆ ಹೇಳಬೇಕು. ನಮ್ಮಪ್ಪ ಕೊಟ್ರಯ್ಯ ಮನೆಯ ಮುಂದಿನ ಕೋಣೆಯಲ್ಲೇ ಅಂಗಡಿ ಇಟ್ಟಿದ್ದ. ಮೊದಲು ಟಿವಿ, ವಿಸಿಆರ್ ಬಾಡಿಗೆಗೆ ಕೊಡುತ್ತಿದ್ದ. ಆಮೇಲೆ ವಿಡಿಯೋ ಗೇಮ್ ಬಂತು. ಹಳದಿ, ನೀಲಿ, ಕೆಂಪು ಪ್ಲಾಸ್ಟಿಕ್ಕಿನ ಅಂಗೈ ಅಗಲದ ಕ್ಯಾಸೆಟ್‌ಗಳು. ಕ್ಯಾಸೆಟ್ಟಿನ ಕೆಳಗೆ ಒಂದು ಬಾಯಿ ಇರುತ್ತಿತ್ತು. ಅದನ್ನು ಯಂತ್ರದ ಸಂದಿಯಲ್ಲಿ ಒತ್ತಿ ಕೂರಿಸಿದರೆ ಟಿವಿಯಲ್ಲಿ ಆಟ ಬರುತ್ತಿತ್ತು. ಡ್ಯಾಮಿನ ಕಾಲೋನಿಯಿಂದ ಹಿಡಿದು ಕಮಲಾಪುರದವರೆಗಿನ ಮಕ್ಕಳು ಶಾಲೆ ಬಿಟ್ಟೊಡನೆ ನಮ್ಮ ಮನೆಯ ಮುಂದೆ ಸೈಕಲ್ ಒರಗಿಸುತ್ತಿದ್ದರು. ಧೂಳು ಕೂತು ಆಟ ಬರದಿದ್ದರೆ ಕ್ಯಾಸೆಟ್ಟಿನ ಬಾಯಿಗೆ ಊದಬೇಕು. ಮಕ್ಕಳು ಊದಿ, ಅಪ್ಪ ಊದಿ, ಆದರೂ ಬಾರದೆ ಹಟ ಹಿಡಿದ ಕ್ಯಾಸೆಟ್ ಅಡುಗೆಮನೆಗೆ ಬರುತ್ತಿತ್ತು. ನಮ್ಮವ್ವ ಕೊಟ್ರಮ್ಮನದು ಸೌದೆ ಒಲೆ ಊದಿ ಊದಿ ಪಳಗಿದ ಉಸಿರು. ಅವಳು ಸೆರಗಿನಿಂದ ಒರೆಸಿ ಒಮ್ಮೆ "ಉಫ್" ಅಂದರೆ ಸತ್ತ ಕ್ಯಾಸೆಟ್ ಎದ್ದು ಕೂರುತ್ತಿತ್ತು.

ಮನೆಮನೆಗೂ ಕಂಪ್ಯೂಟರು, ಕೈಕೈಗೂ ಮೊಬೈಲು ಬಂದ ಮೇಲೆ ಆ ವ್ಯಾಪಾರ ನಿಂತಿತು. ಕ್ಯಾಸೆಟ್‌ಗಳೆಲ್ಲ ಟ್ರಂಕು ಸೇರಿದವು, ಅಂಗಡಿಯ ಕೋಣೆ ಹಾಲ್ ಆಯಿತು. ಅಪ್ಪ ತೀರಿಕೊಂಡ ವರ್ಷ ಮುರುಗೇಶ ಆ ಟ್ರಂಕು ತೆಗೆದ. ಬಡಿಗ ಓಬಳೇಶನನ್ನು ಕರೆಸಿ ಒಂದೊಂದು ಕ್ಯಾಸೆಟ್ಟಿಗೂ ಒಂದೊಂದು ಪುಟ್ಟ ಸಾಗವಾನಿ ಚೌಕಟ್ಟು ಮಾಡಿಸಿ, ಮುಂದೆ ಗಾಜು ಹಾಕಿಸಿ, ಹಾಲಿನ ಗೋಡೆಯ ತುಂಬ ಸಾಲುಸಾಲಾಗಿ ತೂಗುಹಾಕಿದ. ಕೆಳಗೆ ಒಂದು ಬೆಂಚಿನ ಮೇಲೆ ಅಪ್ಪನ ಕಾಲದ ಡಬ್ಬಾ ಟಿವಿ ಮತ್ತು ಯಂತ್ರ. ಸಂಜೆ ಲೈಟು ಹಾಕಿದರೆ ಗೋಡೆಯೆಲ್ಲ ಬಣ್ಣ ಬಣ್ಣ ಆಗುತ್ತದೆ. ಚೆಂದ ಇಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಹೆಣ್ಣು ಕೊಡುವವರು ಚೆಂದ ನೋಡಲು ಬರುತ್ತಾರೆಯೇ?

ಅದರ ಮೇಲೆ ನಮ್ಮವ್ವನ ಕೆಲಸ ಬೇರೆ. ಸೋಮವಾರ ಮನೆಯಲ್ಲಿರುವ ದೇವರ ಫೋಟೋಗಳಿಗೆಲ್ಲ ವಿಭೂತಿ ಹಚ್ಚುವುದು ಅವಳ ರೂಢಿ. ಗಾಜು ಹಾಕಿದ ಚೌಕಟ್ಟು ಕಂಡರೆ ಆ ಕೈ ನಿಲ್ಲುವುದಿಲ್ಲ. ಒಂದೊಂದು ಕ್ಯಾಸೆಟ್ಟಿನ ಗಾಜಿಗೂ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮದ ಬೊಟ್ಟು.

"ಯವ್ವಾ, ಅವು ದೇವರಲ್ಲ" ಅಂತ ನಾನು ಒಮ್ಮೆ ಹೇಳಿ ನೋಡಿದೆ.

"ಅನ್ನ ಹಾಕ್ಯಾವಲ್ಲ" ಅಂದಳು. ನಿನ್ನ ಮದುವೆಯ ಸೀರೆ ಯಾವುದರಿಂದ ಬಂತು ಅಂತಲೂ ಕೇಳಿದಳು.

ಕಮಲಾಪುರದಿಂದ ಒಂದು ಸಂಬಂಧ ಬಂದಿತ್ತು, ಬಾಳೆ ತೋಟದವರು. ಹುಡುಗಿಯ ದೊಡ್ಡಪ್ಪ ಕೈ ಹಿಂದೆ ಕಟ್ಟಿಕೊಂಡು ಆ ಗೋಡೆಯ ಮುಂದೆ ನಿಂತವರು ಚಹಾ ಆರುವವರೆಗೂ ಅಲ್ಲಾಡಲಿಲ್ಲ. ಕಡೆಗೆ, "ಹುಡುಗಗ ಇನ್ನಾ ಆಟದ ಹುಚ್ಚು ಬಿಟ್ಟಿಲ್ಲೇನ್ರಿ?" ಅಂದರು. ಚಹಾ ಅರ್ಧಕ್ಕೇ ಬಿಟ್ಟು ಹೋದರು. ಅದಕ್ಕೂ ಮುಂಚೆ ಬಂದವರು ಕ್ಯಾಸೆಟ್ ನೋಡಿ ನಕ್ಕು, ವಿಭೂತಿ ನೋಡಿ ಗಾಬರಿಯಾಗಿ ಹೋಗಿದ್ದರು.

ಆಮೇಲೆ ಸಂಡೂರಿನದು ಕೂಡಿಬಂತು. ಹುಡುಗಿ ಐಶ್ವರ್ಯ, ಮೂವತ್ತೆರಡು. ಅದಿರಿನ ಲಾರಿ ತೂಕ ಹಾಕುವ ಕಡೆ ಕಂಪ್ಯೂಟರ್ ಮುಂದೆ ಕೆಲಸ. ಅವಳೂ ಬಂದ ಗಂಡುಗಳನ್ನೆಲ್ಲ ಬೇಡ ಅನ್ನುತ್ತಾ ಬಂದವಳೇ. ನಾವು ಹೋಗಿ ಹುಡುಗಿ ನೋಡಿದೆವು. ಹಿರಿಯರು ಇಬ್ಬರನ್ನೂ ಮಾಳಿಗೆಯ ಮೇಲೆ ಮಾತಾಡಲು ಬಿಟ್ಟರು. ಬರುವಾಗ ಬಸ್ಸಿನಲ್ಲಿ, ಏನು ಮಾತಾಡಿದೆಯೋ ಅಂತ ಕೇಳಿದೆ.

"ಲಾರಿ ತೂಕ ಹೆಂಗ ಹಾಕ್ತೀರಿ ಅಂತ ಕೇಳಿದೆ."

"ಥೂ ನಿನ್ನ. ಅದನ್ನ ಕೇಳಾಕ ಸಂಡೂರಿಗೆ ಹೋಗಬೇಕಿತ್ತಾ?"

"ಅಕಿ ಭಾಳ ಚಲೋ ಹೇಳಿದಳಕ್ಕ" ಅಂದ. ಅಷ್ಟು ಹೇಳಿ ಕಿಟಕಿಯ ಕಡೆ ತಿರುಗಿ, ಗುಡ್ಡ ದಾಟಿ ಹೊಸಪೇಟೆ ಬರುವವರೆಗೆ ತನ್ನಷ್ಟಕ್ಕೆ ತಾನು ನಗುತ್ತಿದ್ದ. ಅವನು ಹಾಗೆ ನಗುವುದನ್ನು ನಾನು ಅಪ್ಪ ಹೋದ ಮೇಲೆ ನೋಡಿರಲಿಲ್ಲ. ಈ ಹುಡುಗಿಯೇ ಈ ಮನೆಗೆ ಬರಬೇಕು ಅಂತ ಬಸ್ಸಿನಲ್ಲೇ ಹರಕೆ ಹೊತ್ತೆ.

ಉಳಿದದ್ದು ಮನೆ ನೋಡುವ ಶಾಸ್ತ್ರ. ನಮ್ಮ ಕಡೆ ಹೆಣ್ಣಿನವರ ಹಿರಿಯರು ಬಂದು ಗಂಡಿನ ಮನೆ ನೋಡಿ ಹೋಗಬೇಕು. ಹುಡುಗಿ ಬರುವ ಹಾಗಿಲ್ಲ. ಮಾತು ಮುಗಿಯುವವರೆಗೆ ಅವಳು ಆ ಮನೆಯ ಹೊಸ್ತಿಲು ದಾಟಬಾರದು. ಬಂದ ಹಿರಿಯರು ಚಹಾ ಕುಡಿಯಬಹುದು, ಸಿಹಿ ಮುಟ್ಟುವುದಿಲ್ಲ. ಒಪ್ಪಿಗೆಯಾದರೆ ಮಾತ್ರ ಬಾಯಿಗೆ ಸಕ್ಕರೆ.

ನಾನು ಮುರುಗೇಶನಿಗೆ ಮೊದಲೇ ಹೇಳಿದೆ. ಒಂದೇ ಒಂದು ದಿನ ಗೋಡೆ ಖಾಲಿ ಮಾಡು, ಅವರು ಹೋದ ಮೇಲೆ ಬೇಕಾದರೆ ಮಾಳಿಗೆಗೂ ಹಚ್ಚಿಕೋ ಅಂತ.

"ಅಕ್ಕಾ, ಗ್ವಾಡಿ ನೋಡಿ ಬ್ಯಾಡ ಅನ್ನೋರು ನಾಳೆ ನನ್ನ ನೋಡಿ ಬ್ಯಾಡ ಅಂತಾರ. ಅದನ್ನ ಈಗಾ ಅಂದುಬಿಡ್ಲಿ. ಮತ್ತ ಇದ ಕಡೀದು ನೋಡು. ಇದು ಆಗಲಿಲ್ಲ ಅಂದ್ರ ನನ್ನ ಸಲುವಾಗಿ ಯಾರ ಮನಿ ಬಾಗಿಲಿಗೂ ಹೋಗಬ್ಯಾಡ" ಅಂದ. ಜೋರಾಗಿ ಅಂದಿದ್ದರೆ ನಾನೂ ಜೋರು ಮಾಡುತ್ತಿದ್ದೆ. ಮೆತ್ತಗೆ ಅಂದ. ಮೆತ್ತಗೆ ಮಾತಾಡುವವರ ಹಟ ದೊಡ್ಡದು.

ಹಾಗಂತ ಕೈ ಕಟ್ಟಿ ಕೂರಲು ನಾನೇನು ಅವನ ಹಾಗೆ ಸನ್ಯಾಸಿಯೇ? ಅವರು ಬರಬೇಕಿದ್ದ ಭಾನುವಾರ ಬೆಳಿಗ್ಗೆ ಕಂಪ್ಲಿಯಿಂದ ಗಾಡಿ ಮಾಡಿಕೊಂಡು ಬಂದೆ. ಜೊತೆಗೆ ನಮ್ಮ ಮಿಲ್ಲಿನ ಹೊಸ ಸೋನಾ ಮಸೂರಿ ಒಂದು ಚೀಲ. ಇನ್ನೊಂದು, ಏಳು ಬಿಳಿ ಕುದುರೆ ಓಡುವ ದೊಡ್ಡ ಫೋಟೋ. ಮನೆಗೆ ಒಳ್ಳೆಯದು ಅಂತ ಈಗ ಎಲ್ಲರೂ ಹಾಕುತ್ತಾರೆ. ಮುರುಗೇಶ ಯಾರದೋ ಮೊಬೈಲ್ ತುರ್ತು ಅಂತ ಅಂಗಡಿಗೆ ಹೋಗಿದ್ದ. ದೇವರೇ ದಾರಿ ತೋರಿಸಿದ ಅಂದುಕೊಂಡು ಸೀರೆ ಎತ್ತಿ ಕಟ್ಟಿ ಸ್ಟೂಲ್ ಹತ್ತಿದೆ.

ಅವ್ವ ಮಿರ್ಚಿಗೆ ಮೆಣಸಿನಕಾಯಿ ಸೀಳುತ್ತಾ ಕೂತಿದ್ದವಳು ತಲೆಯೆತ್ತಿದಳು. "ಗಂಗೀ, ಅವನ ಕೇಳಿಯೇನು?"

"ಒಂದು ತಾಸಿನ ಮಾತು ಯವ್ವಾ. ಅವರು ಅತ್ತಾಗ ಹೋದ ಕೂಡಲೇ ಮತ್ತ ಹಾಕ್ತೀನಿ."

"ಹಾಕುವಾಗ ನೋಡಿ ಹಾಕು. ನಿನಗ ತಲಿ ಯಾವುದು ಕಾಲು ಯಾವುದು ತಿಳಿಯಂಗಿಲ್ಲ" ಅಂದು ಮತ್ತೆ ಮೆಣಸಿನಕಾಯಿಗೆ ಇಳಿದಳು.

ಇಳಿಸುವುದೇನೋ ಇಳಿಸಿದೆ, ಇಡುವುದೆಲ್ಲಿ? ದೇವರ ಕೋಣೆ ನೋಡೇ ನೋಡುತ್ತಾರೆ. ಬೀರು ತೆಗೆಸಿ ನೋಡುವ ಜನ ಇದ್ದಾರೆ. ಮಂಚದ ಕೆಳಗೆ ಎಲ್ಲ ಕಾಣುತ್ತದೆ. ಅಟ್ಟ ಹತ್ತಲು ನನ್ನ ಮೊಣಕಾಲು ಒಪ್ಪುವುದಿಲ್ಲ. ಅಡುಗೆಮನೆಯ ಮೂಲೆಯಲ್ಲಿ ಅಕ್ಕಿಯ ದೊಡ್ಡ ಡ್ರಮ್ಮು ಕಂಡಿತು. ತಳದಲ್ಲಿ ಸ್ವಲ್ಪವೇ ಅಕ್ಕಿ ಇತ್ತು. ಚೌಕಟ್ಟುಗಳನ್ನು ಹಳೇ ಸೀರೆಯಲ್ಲಿ ಸುತ್ತಿ ಒಳಗಿಳಿಸಿದೆ. ಸೀರೆ ಸಾಲದೆ ಉಳಿದ ಕೆಲವನ್ನು ಹಾಗೇ ಮೇಲಿಟ್ಟೆ. ಅದರ ಮೇಲೆ ನಮ್ಮ ಮಿಲ್ಲಿನ ಅಕ್ಕಿಯ ಚೀಲ ಪೂರ್ತಿ ಸುರಿದೆ. ಬೆಳ್ಳಗೆ, ಸಮನಾಗಿ, ಕಂಠದವರೆಗೆ ತುಂಬಿತು. ನನ್ನ ಬುದ್ಧಿಗೆ ನಾನೇ ಶಭಾಶ್ ಹೇಳಿಕೊಂಡೆ.

ಕುದುರೆ ಫೋಟೋ ಗೋಡೆಯ ನಡುವೆ ಹಾಕಿದೆ. ಅಂಗಡಿಯಲ್ಲಿ ದೊಡ್ಡದಾಗಿ ಕಂಡದ್ದು ಆ ಗೋಡೆಯ ಮೇಲೆ ಪುಟ್ಟದಾಯಿತು. ಸುತ್ತಲೂ ಖಾಲಿ ಮೊಳೆಗಳು, ಮೊಸರನ್ನಕ್ಕೆ ಸಾಸಿವೆ ಒಗ್ಗರಣೆ ಹಾಕಿದ ಹಾಗೆ. ಕೀಳೋಣವೆಂದರೆ ಓಬಳೇಶ ಹೊಡೆದ ಮೊಳೆ, ಅಲ್ಲಾಡಲಿಲ್ಲ. ಅಷ್ಟರಲ್ಲಿ ಬಾಗಿಲಲ್ಲಿ ಆಟೋ ನಿಂತಿತು.

ಬಂದವರು ಇಬ್ಬರು. ಹುಡುಗಿಯ ಅಜ್ಜ ಪಕ್ಕೀರಪ್ಪನವರು, ಮೈನ್ಸ್‌ನಲ್ಲಿ ದುಡಿದು ನಿವೃತ್ತರಾದವರು, ಬಿಳಿ ಪಂಚೆ, ಮಾತು ಕಡಿಮೆ. ಇನ್ನೊಬ್ಬರು ಅವರ ಮಗಳು ಸಂಗಮ್ಮ, ಅಂದರೆ ಹುಡುಗಿಗೆ ಸೋದರತ್ತೆ. ಅವರ ಕಣ್ಣು ಹೊಸ್ತಿಲಲ್ಲೇ ಮನೆಯ ನಾಲ್ಕೂ ಮೂಲೆ ನೋಡಿ ಮುಗಿಸಿತು.

"ಬರ್ರಿ ಅಜ್ಜಾರ, ಕುಂದ್ರಿ" ಅಂದೆ.

ಅಜ್ಜ ಕೂತರು. ಗೋಡೆ ನೋಡಿದರು. "ಕುದ್ರಿ ಚಲೋ ಅದಾವ. ಇಷ್ಟಕೊಂದು ಮೊಳಿ ಯಾಕ್ರಿ?"

"ಕ್ಯಾಲೆಂಡರ್ ಹಾಕಾಕ್ರಿ" ಅಂದೆ. ಸರಿ, ಇದೊಂದು ಸುಳ್ಳು ಲೆಕ್ಕಕ್ಕೆ ಹಿಡಿಯಿರಿ.

ಸಂಗಮ್ಮನವರು ದೇವರ ಕೋಣೆ ನೋಡಿದರು, ಹಿತ್ತಲು ನೋಡಿದರು, ನಲ್ಲಿ ತಿರುಗಿಸಿ ನೀರು ನೋಡಿದರು. ಅಡುಗೆಮನೆಗೆ ಬಂದು ಅವ್ವನ ಯೋಗಕ್ಷೇಮ ಕೇಳಿದರು. ಆಮೇಲೆ ಸೀದಾ ಡ್ರಮ್ಮಿನ ಕಡೆ ನಡೆದರು. ಆಗ ನೆನಪಾಯಿತು.

ಮನೆ ನೋಡಲು ಹೋದ ಹಿರಿ ಹೆಂಗಸು ಅಕ್ಕಿಯಲ್ಲಿ ಕೈ ಹಾಕಿ ನೋಡುತ್ತಾಳೆ. ಮೇಲೆ ಮೇಲೆ ಅಲ್ಲ, ಮೊಣಕೈಯವರೆಗೆ. ಮೇಲೆ ಸಣ್ಣಕ್ಕಿ ಹರಡಿ ಕೆಳಗೆ ರೇಷನ್ ಅಕ್ಕಿ ತುಂಬಿಡುವ ಮನೆಗಳಿರುತ್ತವೆ. ತಳದ ಹಿಡಿ ತೆಗೆದರೆ ಮನೆಯ ಬಣ್ಣ ತಿಳಿಯುತ್ತದೆ. ಇದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ರೈಸ್‌ಮಿಲ್ಲಿನವರ ಹೆಂಡತಿ ನಾನು. ಕಂಪ್ಲಿಯಲ್ಲಿ, ಮೆಟ್ರಿಯಲ್ಲಿ ನಮ್ಮ ಬೀಗರ ಮನೆಗಳಿಗೆಲ್ಲ ಹೋಗಿ ಡ್ರಮ್ಮಿಗೆ ಕೈ ಹಾಕಿ ಬಂದವಳೇ ನಾನು. ಊರವರಿಗೆಲ್ಲ ಹಾಕುವ ಕೈ ನನ್ನ ತವರಿನ ಡ್ರಮ್ಮಿಗೂ ಬರುತ್ತದೆ ಅಂತ ನನಗೆ ಹೊಳೆಯಲೇ ಇಲ್ಲ.

"ಅಮ್ಮಾರ, ಹೊಸ ಅಕ್ಕಿ ಅವು, ಕೈಗೆ ತೌಡು ಹತ್ತತೈತಿ" ಅಂದೆ.

"ಹತ್ಲಿ ತಗೋರಿ" ಅಂದು ಸಂಗಮ್ಮ ಬಳೆ ಹಿಂದೆ ಸರಿಸಿ ಕೈ ಇಳಿಸಿದರು. ಮೊಣಕೈ ಮುಳುಗಿತು. ಅವರ ಹುಬ್ಬು ಮೇಲೇರಿತು. ಒಳಗೆ ಏನನ್ನೋ ಹಿಡಿದು ಎಳೆದರು. ಅಕ್ಕಿ ಸರಸರ ಸರಿಯಿತು. ಗಾಜು, ವಿಭೂತಿ, ಕುಂಕುಮ, ಹಿಂದೆ ನೀಲಿ ಕ್ಯಾಸೆಟ್ಟು.

ಸಂಗಮ್ಮನವರು ಅದನ್ನು ಮೊದಲು ಕಣ್ಣಿಗೊತ್ತಿಕೊಂಡರು. ಆಮೇಲೆ ನನ್ನ ಮುಖ ನೋಡಿದರು. "ಅಲ್ಲವಾ, ದೇವರನ್ನ ಅಕ್ಕ್ಯಾಗ ಯಾಕ ಹುಗಿದೀರಿ? ಏನಾದರೂ ಹರಕಿ ಐತೇನು?"

ನಾನು ಹೂಂ ಅನ್ನುವವಳಿದ್ದೆ. ಬಾಯಿಯವರೆಗೆ ಬಂದಿತ್ತು. ಅಷ್ಟರಲ್ಲಿ ನಮ್ಮವ್ವ, ಎಣ್ಣೆಯಲ್ಲಿ ಮಿರ್ಚಿ ಬಿಡುತ್ತಾ, ತಿರುಗಿಯೂ ನೋಡದೆ ಹೇಳಿದಳು. "ದೇವರಲ್ಲ ತಗೀರಿ. ಗೇಮ್ ಕ್ಯಾಸೆಟ್ಟು. ಒಳಗ ಇನ್ನಾ ಭಾಳ ಅದಾವ. ನಮ್ಮ ಗಂಗಿ ನಿಮಗ ಅಂಜಿ ಮುಚ್ಚಿಟ್ಟಾಳ."

ಹೆತ್ತ ತಾಯಿ. ಯಾರಿಗೆ ಹೇಳೋಣ.

ಅಜ್ಜ ಪಕ್ಕೀರಪ್ಪ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದರು. ಅವರ ಬೆನ್ನ ಹಿಂದೆ, ಆಗತಾನೆ ಅಂಗಡಿಯಿಂದ ಬಂದ ಮುರುಗೇಶ. ಅವನು ಹಾಲಿನ ಖಾಲಿ ಗೋಡೆ ನೋಡಿಯೇ ಬಂದಿದ್ದ. ಸಂಗಮ್ಮನವರ ಕೈಯಲ್ಲಿದ್ದದ್ದನ್ನು ನೋಡಿದ, ಡ್ರಮ್ಮು ನೋಡಿದ, ನನ್ನನ್ನು ನೋಡಿದ. ಬೈದುಬಿಡಲಿ ಅಂತ ಕಾದೆ. ಬೈಯಲಿಲ್ಲ. ಒಲೆಯ ಪಕ್ಕದ ದೊಡ್ಡ ಬುಟ್ಟಿ ತಂದು ಕೆಳಗಿಟ್ಟ, ತೋಳು ಮಡಿಸಿದ.

"ಇವು ನಮ್ಮಪ್ಪನವು ಅಮ್ಮಾರ. ಈ ಗ್ವಾಡಿ ಮ್ಯಾಲ ಇರ್ತಾವ. ನೀವು ಚಹಾ ಕುಡೀರಿ, ಅಷ್ಟರಾಗ ಹಾಕಿಬಿಡ್ತೀನಿ" ಅಂದು ಒಂದೊಂದೇ ತೆಗೆಯತೊಡಗಿದ.

ಹೆಣ್ಣಿನ ಕಡೆಯವರ ಮುಂದೆ ಗಂಡು ಮೊಣಕೈವರೆಗೆ ಅಕ್ಕಿ ಮೆತ್ತಿಕೊಂಡು ನಿಂತಿದ್ದಾನೆ. ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಆದರೂ ಅವನೊಬ್ಬನನ್ನೇ ಬಿಡಲು ಮನಸ್ಸಾಗಲಿಲ್ಲ. ಕುದುರೆ ಫೋಟೋ ಇಳಿಸಿ, ಅವನು ಮೇಲಿನ ಸಾಲು ಹಾಕಿದರೆ ನಾನು ಕೆಳಗಿನ ಸಾಲು ಹಾಕತೊಡಗಿದೆ. ಕಣ್ಣಲ್ಲಿ ನೀರು, ಕೈಯಲ್ಲಿ ನಡುಕ, ಪ್ರತಿ ಚೌಕಟ್ಟಿನಿಂದಲೂ ಅಕ್ಕಿಕಾಳು ಉದುರುತ್ತಿತ್ತು. ಈ ಮದುವೆಯ ಅಕ್ಷತೆ ಇಷ್ಟೇ, ಇವತ್ತೇ ಉದುರಿ ಮುಗಿಯಿತು ಅಂದುಕೊಂಡೆ.

ಅಜ್ಜ ಬಂದು ಗೋಡೆಯ ಹತ್ತಿರ ನಿಂತರು. ಕಮಲಾಪುರದ ದೊಡ್ಡಪ್ಪ ನಿಂತ ಜಾಗದಲ್ಲೇ, ಹಾಗೇ ಕೈ ಹಿಂದೆ ಕಟ್ಟಿಕೊಂಡು.

"ಇವು ಬರೇ ನೋಡಾಕೋ, ಆಡ್ತಾವೋ?"

"ಆಡ್ತಾವ್ರಿ ಅಜ್ಜಾರ."

"ಹಚ್ಚು ನೋಡೋಣ."

ಮುರುಗೇಶ ಒಂದು ಕೆಂಪು ಕ್ಯಾಸೆಟ್ ಚೌಕಟ್ಟಿನ ಹಿಂಬದಿ ತೆಗೆದು ಹೊರತೆಗೆದ. ಯುದ್ಧದ ಟ್ಯಾಂಕು ಓಡಿಸುವ ಆಟ. ಯಂತ್ರಕ್ಕೆ ಹಾಕಿದ, ಬರೀ ಗೆರೆ ಬಂತು. ತೆಗೆದು ಊದಿದ, ಹಾಕಿದ. ಗೆರೆಯೇ. ಅಕ್ಕಿಯ ಹಿಟ್ಟು ಹೊಕ್ಕಿರಬೇಕು. ಅಜ್ಜ ತಾವೂ ಒಮ್ಮೆ ಊದಿದರು, ಕೆಮ್ಮು ಬಂತೇ ಹೊರತು ಆಟ ಬರಲಿಲ್ಲ. ಮುರುಗೇಶ ಕ್ಯಾಸೆಟ್ ಹಿಡಿದು ಅಡುಗೆಮನೆ ಕಡೆ ನೋಡಿದ. ನಮ್ಮವ್ವ ಸೆರಗಿಗೆ ಕೈ ಒರೆಸುತ್ತಾ ಬಂದಳು, ಕ್ಯಾಸೆಟ್ ಇಸಿದುಕೊಂಡಳು, ಅದರ ಬಾಯಿ ಒರೆಸಿ ಕಣ್ಣು ಮುಚ್ಚಿ ಒಮ್ಮೆ "ಉಫ್" ಅಂದಳು. ಎಪ್ಪತ್ತೈದರ ಉಸಿರು. ಹಾಕಿದರೆ ಟಿವಿಯಲ್ಲಿ ಟಿಂಟಿಂ ಅಂತ ಸದ್ದು ಬಂದು ಟ್ಯಾಂಕುಗಳು ಸಾಲಾಗಿ ನಿಂತವು.

"ಮಸ್ತ್" ಅಂದರು ಅಜ್ಜ.

ಅಜ್ಜನ ಟ್ಯಾಂಕು ಹುಟ್ಟಿದ ಕೂಡಲೇ ಸತ್ತಿತು. "ಇನ್ನೊಮ್ಮೆ ಹಚ್ಚು" ಅಂದರು. ಮತ್ತೆ ಸತ್ತಿತು. ಮುರುಗೇಶ ಪಕ್ಕದಲ್ಲಿ ಕೂತು, "ಗ್ವಾಡಿ ಮರೀಗೆ ನಿಂದ್ರಿ ಅಜ್ಜಾರ, ಎದುರಿಗೆ ಹೋಗಬ್ಯಾಡ್ರಿ" ಅನ್ನುತ್ತಿದ್ದ. ಅಪ್ಪನೂ ಮಕ್ಕಳ ಪಕ್ಕ ಹಾಗೇ ಕೂರುತ್ತಿದ್ದ, ಅದೇ ಧ್ವನಿ. ಅವ್ವ ಮಿರ್ಚಿ, ಮಂಡಕ್ಕಿ ತಂದಿಟ್ಟು, "ಆರತಾವ, ತಿಂದು ಆಡ್ರಿ" ಅಂದಳು. ಮೂವತ್ತು ವರ್ಷದ ಹಿಂದೆ ಎಲ್ಲ ಮಕ್ಕಳಿಗೂ ಹೇಳುತ್ತಿದ್ದದ್ದು ಅದೇ ಮಾತು.

ಸಂಗಮ್ಮನವರು ಮೊಬೈಲ್ ತೆಗೆದು ಮನೆಯ ಫೋಟೋ ಹೊಡೆಯುತ್ತಾ ಹೋದರು. ಅಡುಗೆಮನೆ, ಹಿತ್ತಲು, ಆ ಗೋಡೆ. "ಹುಡುಗಿ ಬರಂಗಿಲ್ಲಲ್ರಿ, ಫೋಟೋನರ ನೋಡ್ಲಿ" ಅಂದರು. ಅವರ ಮುಖದಲ್ಲಿ ಬೇಕೋ ಬೇಡವೋ ಏನೂ ಗೊತ್ತಾಗಲಿಲ್ಲ. "ಅಪ್ಪಾ, ಜಲ್ದಿ ಏಳು, ಬಸ್ಸು ತಪ್ಪತೈತಿ" ಅಂತ ಎರಡು ಸಲ ಹೇಳಿದ ಮೇಲೆ ಅಜ್ಜ ಎದ್ದರು.

ನಾನು ಸಕ್ಕರೆ ಬಟ್ಟಲು ಇಟ್ಟ ತಟ್ಟೆ ಮುಂದೆ ಹಿಡಿದೆ. ಅಜ್ಜ ನೋಡಿದರು, ಮುಟ್ಟಲಿಲ್ಲ. "ಮನಿ ನೋಡಿದ್ವಿ. ಹುಡುಗೀನ ಒಂದು ಮಾತು ಕೇಳಿ ಹೇಳ್ತೀವಿ" ಅಂದರು. ಬೇಡ ಅಂದವರೆಲ್ಲ ಶುರು ಮಾಡಿದ್ದು ಇದೇ ಮಾತಿನಿಂದ.

ಅವರ ಆಟೋ ತಿರುವು ದಾಟಿದ ಮೇಲೆ ನಾನು ಹೊಸ್ತಿಲ ಮೇಲೆ ಕೂತು ಅತ್ತೆ. ಗೋಡೆ ಇದ್ದಂಗೆ ಇದ್ದಿದ್ದರೆ ಹುಡುಗನಿಗೆ ಆಟದ ಹುಚ್ಚು ಅಂತ ಮಾತ್ರ ಅನ್ನುತ್ತಿದ್ದರು. ಈಗ ಮನೆಯವರು ಮುಚ್ಚಿಡುವವರು ಅಂತಲೂ ಅನ್ನುತ್ತಾರೆ. ತಾನೊಂದು ಬಗೆದರೆ ದೈವವೊಂದು ಬಗೆಯಿತು.

"ನಾನಾ ಕೆಡಿಸಿದೆನೋ ತಮ್ಮಾ" ಅಂದೆ.

ಮುರುಗೇಶ ಒಂದು ಕಡ್ಡಿ ಹಿಡಿದು ಚೌಕಟ್ಟಿನ ಸಂದಿಯಿಂದ ಅಕ್ಕಿಕಾಳು ತೆಗೆಯುತ್ತಿದ್ದ. "ನೀ ನನ್ನ ಸಲುವಾಗಿ ಮಾಡಿದೆ. ಅದು ನನಗ ಗೊತ್ತಿಲ್ಲೇನು? ಏಳು, ಉಣ್ಣು ಮೊದಲು" ಅಂದ. ಆದರೆ ಅವನ ಮುಖದಲ್ಲಿ ಬಸ್ಸಿನ ಆ ನಗು ಇರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ನನ್ನ ಫೋನ್ ಬಡಿಯಿತು. ಸಂಗಮ್ಮನವರ ನಂಬರ್. ಸ್ಪೀಕರ್ ಹಾಕಿ ಟೇಬಲ್ ಮೇಲಿಟ್ಟೆ, ಕೇಳುವುದನ್ನು ಮೂವರೂ ಒಟ್ಟಿಗೇ ಕೇಳಿಬಿಡೋಣ ಅಂತ. ಮಾತಾಡಿದ್ದು ಸಂಗಮ್ಮನವರಲ್ಲ.

"ಅಕ್ಕಾರ, ನಾನು ಐಶ್ವರ್ಯ."

"ಹೇಳವಾ" ಅಂದೆ.

"ಅತ್ತಿ ಫೋಟೋ ತಂದಾಳ. ನೋಡಾಕತ್ತಿದ್ದೆ. ನಾ ಎಷ್ಟೋ ಮನಿ ಫೋಟೋ ನೋಡೀನ್ರಿ ಅಕ್ಕಾರ. ಎಲ್ಲಾ ಮನ್ಯಾಗೂ ಅವೇ ಏಳು ಕುದ್ರಿ ಓಡತಿರ್ತಾವ."

ಗೋಡೆಯ ಬುಡದಲ್ಲಿ ಒರಗಿಸಿಟ್ಟಿದ್ದ ಕುದುರೆಗಳನ್ನು ನಾನು ಕಾಲಿನಿಂದ ಸೋಫಾದ ಹಿಂದಕ್ಕೆ ತಳ್ಳಿದೆ.

"ಒಂದು ಮಾತು ಹೇಳಬೇಕಿತ್ತು" ಅಂದಳು. "ಕೆಳಗಿನ ಸಾಲಿನಾಗ, ಬಾಗಿಲ ಕಡಿಗೆ ಕಡೀದು, ಹಳದೀದು. ಅದು ಉಲ್ಟಾ ಐತ್ರಿ. ಬಾಯಿ ಮ್ಯಾಲಾಗೈತಿ."

ತಿರುಗಿ ನೋಡಿದೆ. ಅದರ ಮೇಲಿನ ಅಕ್ಷರ ಯಾವ ದೇಶದ್ದೋ, ಚಿತ್ರ ಯಾವುದೋ ರಾಕ್ಷಸನದು, ನನಗೆ ಯಾವ ಕಡೆಯಿಂದ ನೋಡಿದರೂ ಒಂದೇ. ಆದರೆ ಉಳಿದವುಗಳ ಬಾಯಿ ಕೆಳಗಿತ್ತು, ಅದರದು ಮೇಲಿತ್ತು. ಹಾಕಿದವಳು ನಾನೇ.

"ಹೌದಲ್ಲೋ" ಅಂದೆ ಮುರುಗೇಶನಿಗೆ. "ನೀನರ ನೋಡಬಾರದಾ?"

"ನೀ ಹಾಕುವಾಗಲೇ ನೋಡಿದೆ" ಅಂದ. "ನಿನ್ನ ಕೈ ನಡಗಾಕತ್ತಿತ್ತು. ಮಂದಿ ಮುಂದ ಮತ್ತ ಅದೊಂದು ಯಾಕ ಹೇಳೋದು ಅಂತ ಬಿಟ್ಟೆ."

ಸ್ಪೀಕರ್ ಹಾಕಿದ್ದು ಮರೆತು ಅಂದ ಮಾತು. ಅದು ಸಂಡೂರಿಗೂ ಕೇಳಿತು. ನಾನು ನನ್ನ ತಮ್ಮನ ಮುಖ ನೋಡುತ್ತಾ ನಿಂತೆ. ಕಂಕುಳಲ್ಲಿ ಹೊತ್ತ ಹುಡುಗ ಇಷ್ಟು ದೊಡ್ಡವನಾದದ್ದು ನನಗೆ ಗೊತ್ತೇ ಆಗಿರಲಿಲ್ಲ. ಇವನನ್ನು ಬೇಡ ಅನ್ನುವವರು ಯಾರೇ ಇದ್ದರೂ ಅವರಿಗೇ ನಷ್ಟ ಅಂತ ಹೊಟ್ಟೆಯೊಳಗಿಂದ ಅನಿಸಿತು.

ಮುರುಗೇಶ ಸ್ಟೂಲ್ ಎಳೆದ. "ಈಗ ಸರಿ ಮಾಡ್ತೀನಿ ಅಂತ ಹೇಳು" ಅಂದ.

"ಬ್ಯಾಡ್ರಿ" ಅಂತು ಫೋನು. ಧ್ವನಿ ಮೆತ್ತಗಾಗಿತ್ತು. "ಯಾರೂ ಮುಟ್ಟಬ್ಯಾಡ್ರಿ. ಹಂಗ ಇರಲಿ. ನಾನ ಬಂದು ಸರಿ ಮಾಡ್ತೀನಿ."

ಹೊಸ್ತಿಲು ದಾಟಬಾರದ ಹುಡುಗಿ ಹೇಳಿದ ಮಾತು ಅದು. ಮುರುಗೇಶ ಒಂದು ಕಾಲು ಸ್ಟೂಲಿನ ಮೇಲೆ, ಒಂದು ಕಾಲು ನೆಲದ ಮೇಲೆ ಇಟ್ಟು ಹಾಗೇ ನಿಂತುಬಿಟ್ಟ. ಬಸ್ಸಿನ ನಗು ವಾಪಸ್ಸು ಬಂದಿತ್ತು, ಈ ಸಲ ಬಚ್ಚಿಡಲು ಕಿಟಕಿ ಇರಲಿಲ್ಲ. ನಾನು ಅಳುತ್ತಿದ್ದೆನೋ ನಗುತ್ತಿದ್ದೆನೋ ನನಗೇ ತಿಳಿಯದು.

ಫೋನಿನಲ್ಲಿ ದೂರದಿಂದ ಅಜ್ಜನ ಧ್ವನಿ ಕೇಳಿತು. "ಸಕ್ಕರಿ ತಿನ್ರಿ ಅಂತ ಹೇಳವಾ ಅವರಿಗೆ. ಮತ್ತ ಆ ಟ್ಯಾಂಕಿನ ಕ್ಯಾಸೆಟ್ಟು ಗ್ವಾಡಿಗೆ ಹಚ್ಚಬ್ಯಾಡ, ಕೆಳಗ ಇಟ್ಟಿರು ಅನ್ನು."

ಅವ್ವ ಅಷ್ಟರಲ್ಲಿ ಬಟ್ಟಲು ತಂದಾಗಿತ್ತು. ಮೊದಲ ಚಿಟಿಕೆ ಅಪ್ಪನ ಫೋಟೋದ ಮುಂದಿಟ್ಟಳು, ಎರಡನೆಯದು ಮಗನ ಬಾಯಿಗೆ, ಮೂರನೆಯದು ನನಗೆ. "ತಲಿ ಯಾವುದು ಕಾಲು ಯಾವುದು ತಿಳಿಯಂಗಿಲ್ಲ ಅಂದಿದ್ನಿಲ್ಲ" ಅಂದಳು. "ತಿಳೀದಿದ್ದುದು ಚಲೋ ಆತು."

ಮದುವೆ ಬರುವ ದೀಪಾವಳಿ ಕಳೆದ ಮೇಲೆ. ಏಳು ಕುದುರೆಗಳು ಈಗ ಕಂಪ್ಲಿಯಲ್ಲಿ ನಮ್ಮ ಮಿಲ್ಲಿನ ಆಫೀಸಿನಲ್ಲಿ ಓಡುತ್ತಿವೆ. ಅವ್ವ ಸೋಮವಾರ ಎಂದಿನಂತೆ ವಿಭೂತಿ ಹಚ್ಚುತ್ತಾಳೆ, ಹಳದಿಯದಕ್ಕೆ ಒಂದು ಬೊಟ್ಟು ಹೆಚ್ಚು. ಓಬಳೇಶ ಬಾಗಿಲಿಗೆ ಹೊಸ ಚೌಕಟ್ಟು ಕೂರಿಸಲು ಬಂದವನು ಗೋಡೆ ನೋಡಿ, "ಅಕ್ಕಾರ, ಒಂದು ಉಲ್ಟಾ ಆಗೈತಿ, ತಿರುಗಿಸಿ ಹಾಕ್ಲೇನು?" ಅಂತ ಕೈ ಚಾಚಿದ.

"ಕೈ ತಗೀಲೇ" ಅಂದೆ. "ಅದನ್ನ ಸರಿ ಮಾಡೋರು ಸಂಡೂರಿನಿಂದ ಬರ್ತಾರ."